ವರದಿ ಕಳಿಸದ ಊರುಗಳು

"ಅಪರಾಧದ ವರದೀನೇ ಕಳಿಸದ ಕೌಂಟಿಗಳನ್ನ ಏನ್ ಮಾಡಿದ್ರಿ?" ಎಂದು ಮಾರಿಟ್ ಸೋಲ್ಬರ್ಗ್ ಕೇಳಿದಾಗ ವಿಚಾರಗೋಷ್ಠಿಯಲ್ಲಿ ಕಾಫಿ ಹೀರುತ್ತಿದ್ದವರು ಲೋಟ ಕೆಳಗಿಟ್ಟರು.

ವೇದಿಕೆಯ ಮೇಲಿದ್ದ ಟ್ಯಾರಂಟ್ ಮುಗುಳ್ನಕ್ಕ. ಟೆನ್ನೆಸಿಯವನು, ಮಾತು ನಿಧಾನ. ಬಂದೂಕು ಒಯ್ಯಲು ಸಲೀಸಾಗಿ ಪರವಾನಗಿ ಕೊಟ್ಟ ಕಡೆಯಲ್ಲೆಲ್ಲ ದರೋಡೆ ಇಳಿದಿದೆ ಎಂಬುದು ಅವನ ಅಧ್ಯಯನದ ಸಾರ.

"ಅಂಕಿಅಂಶ ಎಲ್ಲಾ ಕಳಿಸ್ಕೊಡ್ತೀನಿ ಡಾಕ್ಟರ್ ಸೋಲ್ಬರ್ಗ್. ನೀವೇ ನೋಡ್ಕೊಳ್ಳಿ."

ಇಷ್ಟು ಸುಲಭವಾಗಿ ಕೊಡುವವನು ಏನನ್ನೋ ಮುಚ್ಚಿಡುತ್ತಿರಬೇಕು ಎನ್ನಿಸಿತು ಅವಳಿಗೆ. ಬಂದೂಕು ಕಂಪನಿಗಳ ಅನ್ನ ತಿನ್ನುವವನೆಂಬ ಸುದ್ದಿಯೂ ಇತ್ತು. ಅವಳ ತಮ್ಮ ಆರ್ಲನ್ ಡುಲೂತ್ ಪಟ್ಟಣದ ಹೊರವಲಯದ ಪೆಟ್ರೋಲ್ ಬಂಕಿನ ಅಂಗಡಿಗೆ ಹಾಲು ತರಲು ಹೋಗಿ, ದರೋಡೆಕೋರನ ಗುಂಡಿಗೆ ಬಲಿಯಾಗಿದ್ದ. ಆಮೇಲೆ ಮಾರಿಟ್ ಬರೆದ ಪ್ರಬಂಧ ಟ್ಯಾರಂಟನದಕ್ಕೆ ತದ್ವಿರುದ್ಧ: ಪರವಾನಗಿ ಸಡಿಲಿಸಿದ ಕಡೆ ಕೊಲೆ ಹೆಚ್ಚಿದೆ. ಆರ್ಲನ್‌ನ ಹೆಂಡತಿ ಡೊರೀನ್ ಅದನ್ನು ಹಿಡಿದು ಊರೂರು ತಿರುಗಿ ಶಾಸಕರ ಮುಂದೆ ಮಾತಾಡುತ್ತಿದ್ದಳು.

ಟ್ಯಾರಂಟ್ ಕಳಿಸಿದ್ದನ್ನು ಮಾರಿಟ್ ಅಕ್ಕಿ ಆರಿಸಿದಂತೆ ಆರಿಸಿದಳು. ಕಲ್ಲು ಸಿಕ್ಕಿತು. ಪೊಲೀಸರು ವರದಿ ಕಳಿಸದ ಕೌಂಟಿಗಳ, ಅಂದರೆ ಜಿಲ್ಲೆಗಳ, ಎದುರು ಸೊನ್ನೆ ಕೂತಿತ್ತು. ಅಪರಾಧ ನಡೆದಿಲ್ಲ ಎನ್ನುವುದಕ್ಕೂ ಯಾರೂ ತಿಳಿಸಿಲ್ಲ ಎನ್ನುವುದಕ್ಕೂ ಒಂದೇ ಸೊನ್ನೆ. ಅವನ್ನು ತೆಗೆದುಹಾಕಿದರೆ ದರೋಡೆ ಇಳಿದದ್ದೂ ಇಲ್ಲ, ಏರಿದ್ದೂ ಇಲ್ಲ. ಹಿಗ್ಗಿನಿಂದ ಎದ್ದು ಕಿಟಕಿ ತೆರೆದವಳು ಹಾಗೇ ನಿಂತಳು. ತನ್ನ ಪ್ರಬಂಧದ ಅಂಕಿಗಳೂ ಅದೇ ಪೊಲೀಸ್ ದಾಖಲೆಗಳ ಭಂಡಾರದಿಂದ ಬಂದವು.

ಅವನಲ್ಲಿ ಸೊನ್ನೆಗಳಿದ್ದದ್ದು ಪರವಾನಗಿ ಸಡಿಲಿಸುವ ಕಾನೂನು ಬಂದ ಮೇಲಿನ ವರ್ಷಗಳಲ್ಲಿ; ಅವಳು ಆಯ್ದ ರಾಜ್ಯಗಳಲ್ಲಿ, ಕಾನೂನಿಗೆ ಮುಂಚಿನ ವರ್ಷಗಳಲ್ಲಿ. ಹಾಗಾಗಿ ಅವನ ಲೆಕ್ಕದಲ್ಲಿ ದರೋಡೆ ಇಳಿದಂತೆ, ಇವಳ ಲೆಕ್ಕದಲ್ಲಿ ಕೊಲೆ ಏರಿದಂತೆ ಕಂಡಿತ್ತು.

ಮರುದಿನ ಮಧ್ಯಾಹ್ನ ವಿಶ್ವವಿದ್ಯಾಲಯದ ಎದುರಿನ ಹೋಟೆಲಿನಲ್ಲಿ ಅವನಿಗೆ ಎಲ್ಲ ಹೇಳಿದಳು. ಅವನು ಆಪಲ್ ಪೈ ಮುರಿಯುವುದನ್ನು ನಿಲ್ಲಿಸಿದ.

"ನಿಮಗೆ ಮೊದ್ಲೇ ಗೊತ್ತಿತ್ತು, ಅಲ್ವಾ?" ಎಂದಳು ಮಾರಿಟ್.

"ನಿಮ್ಮದರಲ್ಲಿ ಇದೆ ಅಂತ ಗುಮಾನಿ ಇತ್ತು. ನನ್ನದರಲ್ಲಿ ಹುಡುಕ್ಬೇಕು ಅಂತ ಹೊಳೀಲೇ ಇಲ್ಲ."

ನಂಬಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

"ಪ್ರಬಂಧ ವಾಪಸ್ ತಗೋತೀರಾ?" ಎಂದು ಕೇಳಿದಳು.

"ನೀವು ತಗೊಂಡ್ರೆ."

"ನೀವು ಮೊದ್ಲು ತಗೊಳ್ಳಿ."

"ಹಿಂಗೇ ಕೂತ್ರೆ ಪೈ ತಣ್ಣಗಾಗತ್ತೆ ಡಾಕ್ಟರ್," ಎಂದ ಅವನು. ನಗಲಿಲ್ಲ.

ಮಾರಿಟ್ ಮೊದಲು ತನ್ನ ಪ್ರಬಂಧವನ್ನು ವಾಪಸ್ ತೆಗೆದುಕೊಂಡಳು. ಅವನು ತೆಗೆದುಕೊಳ್ಳುವನೇ ಎಂದು ಕಾಯಲೂ ಇಲ್ಲ. ಪತ್ರಿಕೆಯ ಸಂಪಾದಕರಿಗೆ ಬರೆದ ಭಾನುವಾರವೇ ಡೊರೀನ್ ಮನೆಗೆ ಹೋದಳು. ಡೊರೀನ್ ಕಾಡಕ್ಕಿಯ ಸೂಪ್ ಬಡಿಸಿ ಎದುರಿಗೆ ಕೂತು ಎಲ್ಲ ಕೇಳಿಸಿಕೊಂಡಳು.

"ಏರಿದ್ಯೋ ಇಳಿದಿದ್ಯೋ ಗೊತ್ತಿಲ್ಲ ಅಂದ್ರೆ? ಆರ್ಲನ್ ಸತ್ತಿದ್ದೂ ಗೊತ್ತಿಲ್ವಾ ನಿಂಗೆ?"

"ಅದಲ್ಲ ಡೊರೀನ್. ನಾನು ತೋರಿಸಿದ ಲೆಕ್ಕ ನಿಲ್ಲಲ್ಲ ಅಷ್ಟೆ. ಅದನ್ನ ಹಿಡ್ಕೊಂಡು ನೀನು ಇನ್ನೊಂದ್ಸಲ ಅವರ ಮುಂದೆ ನಿಲ್ಲಬಾರದು."

"ಆರ್ಲನ್ ಫೋಟೋ ತೋರಿಸ್ದಾಗ ಯಾರೂ ಕಣ್ಣೆತ್ತಿ ನೋಡ್ಲಿಲ್ಲ. ನಿನ್ನ ಲೆಕ್ಕ ತೋರಿಸ್ದಾಗ ಪೆನ್ನು ತಗೊಂಡು ಬರ್ಕೊಂಡ್ರು." ಡೊರೀನ್ ತನ್ನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಆ ಟ್ಯಾರಂಟ್ ಜೊತೆ ಹೋಟೆಲ್‌ನಲ್ಲಿ ಕೂತಿದ್ದೆಯಂತೆ. ನೋಡಿದೋರು ಹೇಳಿದ್ರು."

"ಈ ವಿಷಯಕ್ಕೇ ಹೋಗಿದ್ದು."

"ಎಷ್ಟು ಕೊಟ್ಟ?"

ಬೇರೆಯವರ ಬಗ್ಗೆ ಮಾರಿಟ್ ತಾನೇ ಎಷ್ಟೋ ಸಲ ಆಡಿದ್ದ ಮಾತು ಅದು. ಅದಕ್ಕೆ ಯಾರಾದರೂ ಏನೆಂದು ಉತ್ತರ ಕೊಟ್ಟಾರು ಎಂದು ಯೋಚಿಸಿರಲೇ ಇಲ್ಲ.

ಡೊರೀನ್ ಎದ್ದು ಅವಳ ಮುಂದಿನ ಬಟ್ಟಲನ್ನು ಎತ್ತಿಕೊಂಡಳು. ಇನ್ನೂ ಹಬೆಯಾಡುತ್ತಿದ್ದ ಸೂಪನ್ನು ಪಾತ್ರೆಗೆ ಮರಳಿ ಸುರಿದು, ಮುಚ್ಚಳ ಮುಚ್ಚಿದಳು. ಮಾರಿಟ್ ಚಮಚ ಹಿಡಿದುಕೊಂಡೇ ಕೂತಿದ್ದಳು.