ಏಳು ಸಾವಿರ ಕಿಲೋಮೀಟರಿನ ಹಾಲು

ವಿಮಾನ ಮೋಡ ದಾಟಿ ನೆಟ್ಟಗಾದ ಮೇಲೆ ಪೈಲಟ್ ಮಾತಾಡಿದ. ಹೋಗಬೇಕಾದ ದೂರ ಏಳು ಸಾವಿರದ ಮುನ್ನೂರು ಕಿಲೋಮೀಟರ್, ತಗಲುವ ಸಮಯ ಒಂಬತ್ತು ಗಂಟೆ ಹತ್ತು ನಿಮಿಷ ಎಂದ. ಕಿಟಕಿ ಪಕ್ಕ ಕೂತಿದ್ದ ಮೀನಂಗಡಿಯವಳು ಬೇರೆ ವಿಮಾನ ಹತ್ತಿಬಿಟ್ಟೆನೇನೋ ಎಂದು ಟಿಕೆಟ್ ತೆಗೆದು ನೋಡಿದಳು. ಹೊರಡುವುದು ಹತ್ತಕ್ಕೆ, ಇಳಿಯುವುದು ಒಂದೂ ನಲವತ್ತಕ್ಕೆ. ಬೆರಳು ಮಡಿಸಿ ಎಷ್ಟು ಸಲ ಎಣಿಸಿದರೂ ಮೂರು ಗಂಟೆ ನಲವತ್ತು ನಿಮಿಷವೇ ಬರುತ್ತಿತ್ತು.

ಅವಳ ಕಾಲ ಬಳಿಯ ಡಬ್ಬಿಯಲ್ಲಿ ಮಗಳ ಎದೆಹಾಲಿನ ಹದಿನಾಲ್ಕು ಪುಟ್ಟ ಸೀಸೆಗಳಿದ್ದವು. ಹೃದಯದಲ್ಲಿ ತೊಂದರೆಯೆಂದು ಹುಟ್ಟಿದ ಎರಡನೇ ದಿನಕ್ಕೇ ಮಗುವನ್ನು ಅದರ ಅಪ್ಪನ ಜೊತೆ ಆ ದೂರದ ಊರಿನ ಆಸ್ಪತ್ರೆಗೆ ಕಳಿಸಿದ್ದರು. ಹೊಟ್ಟೆ ಕೊಯ್ಸಿಕೊಂಡ ಬಾಣಂತಿ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಆಪರೇಷನ್ ಮುಗಿದಿದೆ, ಬೇರೆ ಹಾಲು ಒಗ್ಗುತ್ತಿಲ್ಲ, ತಾಯಿಯದೇ ಬೇಕು, ಆದರೆ ದಾರಿಯಲ್ಲಿ ಬೆಚ್ಚಗಾದರೆ ಚೆಲ್ಲಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಗಳು ಹಲ್ಲು ಕಚ್ಚಿ ನೋವು ನುಂಗಿಕೊಂಡು ಎರಡು ದಿನ ಹಿಂಡಿ ಕೂಡಿಸಿದ್ದಳು.

ಐಸಿನ ವಿಷಯದಲ್ಲಿ ಮೀನಂಗಡಿಯವಳಿಗೆ ಪಾಠ ಹೇಳುವವರು ಇನ್ನೂ ಹುಟ್ಟಿರಲಿಲ್ಲ. ಮೂವತ್ತು ವರ್ಷ ಅದರಲ್ಲೇ ಕೈ ಮರಗಟ್ಟಿಸಿಕೊಂಡವಳು. ಡಬ್ಬಿ ಎತ್ತಿ ನೋಡಿಯೇ ಎಷ್ಟು ಹೊತ್ತು ತಾಳುತ್ತದೆಂದು ಹೇಳುವವಳು. ಮನೆಯಿಂದ ಹೊರಟಲ್ಲಿಂದ ಎಂಟು ಗಂಟೆ ಹೊತ್ತು ತಾಳುವಷ್ಟೇ ಐಸ್ ಅಳೆದು ತುಂಬಿದ್ದಳು. ಇನ್ನೊಂದಿಷ್ಟು ಹಾಕಮ್ಮ ಎಂದ ಮಗಳಿಗೆ, ಮೀನು ಮಾರೋಳಿಗೆ ಐಸ್ ಕಲಿಸ್ತೀಯಾ ಎಂದು ಗದರಿಯೂ ಇದ್ದಳು.

ಗಗನಸಖಿ ಹತ್ತಿರ ಬಂದಾಗ ನಾಚಿಕೆ ಬಿಟ್ಟು ಎಲ್ಲ ಹೇಳಿಕೊಂಡಳು. ಆ ಹುಡುಗಿ ಟಿಕೆಟ್ ನೋಡಿ, ಇಳಿಯುವ ಹೊತ್ತು ಆ ಊರಿನ ಗಡಿಯಾರದ್ದು, ಅದು ನಮಗಿಂತ ಐದೂವರೆ ಗಂಟೆ ಹಿಂದಿದೆ ಎಂದು ಮೆಲ್ಲಗೆ ತಿಳಿಸಿದಳು.

"ಹಾಗಾದ್ರೆ ಇದು ಅಲ್ಲೀತನಕ ತಾಳಲ್ಲ ಕಣಮ್ಮ," ಎಂದಳು ಮೀನಂಗಡಿಯವಳು. "ನನ್ನ ಜಂಬ ಮಗೂನ ಹೊಟ್ಟೆ ಮೇಲೆ ಹೊಡೀತು."

"ಡಬ್ಬಿ ಕೊಡಿ ಅಮ್ಮ," ಎಂದಳು ಹುಡುಗಿ. "ನಮ್ಮ ಹತ್ರ ಐಸ್ ಇದೆ. ಅದೆಲ್ಲ ಇದಕ್ಕೇ."

ಅವಳು ಮಾತಿಗೆ ತಪ್ಪಲಿಲ್ಲ. ಗಂಟೆಗೊಮ್ಮೆ ನೀರು ಬಸಿದು ಹೊಸ ಐಸ್ ತುಂಬಿ, ಬಂದು ತಲೆಯಾಡಿಸಿ ಹೋಗುತ್ತಿದ್ದಳು. ಮುಂದಿನ ಸಾಲಿನ ಕೋಟಿನವರೊಬ್ಬರು ಶರಬತ್ತಿಗೆ ಐಸಿಲ್ಲವೆಂದು ಮುಖ ಗಂಟಿಕ್ಕಿದರು. ಯಾಕೆಂದು ತಿಳಿದ ಮೇಲೆ ಆ ಬೆಚ್ಚಗಿನ ಶರಬತ್ತನ್ನೇ ಗಟಗಟ ಕುಡಿದು, ಚೆನ್ನಾಗಿದೆ ಎಂದು ಇನ್ನೊಂದು ಲೋಟ ಕೇಳಿದರು. ಸುದ್ದಿ ಸಾಲಿಂದ ಸಾಲಿಗೆ ಹೋಯಿತು. ಆಮೇಲೆ ಯಾರೂ ಐಸ್ ಕೇಳಲಿಲ್ಲ. ಗುರುತು ಪರಿಚಯವಿಲ್ಲದ ಇಷ್ಟೊಂದು ಜನಕ್ಕೆ ಹೇಗೆ ಕೈ ಮುಗಿಯುವುದೆಂದು ತಿಳಿಯದೆ ಮೀನಂಗಡಿಯವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಇಳಿಯುವಾಗ ಹುಡುಗಿಯ ಎರಡೂ ಕೈ ಹಿಡಿದುಕೊಂಡಳು. ಐಸ್ ಮುಟ್ಟಿ ಮುಟ್ಟಿ ಅವು ಕೆಂಪಾಗಿದ್ದವು. "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ," ಎಂದಷ್ಟೇ ಹೇಳಿದಳು.

ಆಸ್ಪತ್ರೆಯಲ್ಲಿ ಅಳಿಯ ಅವಳ ಕೈಯಿಂದ ಡಬ್ಬಿ ಇಸಿದುಕೊಂಡು ನರ್ಸಿಗೆ ಕೊಟ್ಟ. ನರ್ಸು ಶಾಖ ಅಳೆಯುವ ಕಡ್ಡಿ ಅದ್ದಿ ಎರಡು ಸಲ ನೋಡಿದಳು. ಅಡ್ಡಿಯಿಲ್ಲ ಎಂದಳು ನರ್ಸು.

ಸ್ವಲ್ಪ ಹೊತ್ತಿಗೆ ಗಾಜಿನಾಚೆ ನರ್ಸು ಸಿರಿಂಜಿನಿಂದ ಮಗುವಿನ ತುಟಿಗೆ ಒಂದು ಹನಿ ಬಿಟ್ಟಳು. ಇತ್ತ ಗಾಜಿಗೆ ಹಣೆಯೊತ್ತಿ ನಿಂತ ಅಜ್ಜಿಯ ಬಾಯಿ ತಾನಾಗಿಯೇ ತೆರೆದುಕೊಂಡಿತ್ತು. ಮಗು ಗುಟುಕರಿಸಿತು. ಅವಳೂ ಗುಟುಕರಿಸಿದಳು.