ತಾಮ್ರದ ಮೇಲೆ ಮಲಗಿದ್ದ ಆರು ತಿಂಗಳು

ನಾನು ಒಂದು ಅಣು. ಅಣುವಿಗೂ ಆತ್ಮಕಥೆಯೇ ಎಂದು ನಗಬೇಡಿ. ಕಣ್ಣಿಗೆ ಕಾಣದವರಿಗೆ ಹೇಳಿಕೊಳ್ಳುವುದು ತುಸು ಹೆಚ್ಚೇ ಇರುತ್ತದೆ. ಮಂಡ್ಯದ ಕಡೆಯ ಒಂದು ಕಾಲೇಜಿನಲ್ಲಿ, ಗಾಜಿನ ಬುರುಡೆಯೊಳಗೆ ಕುದಿಕುದಿದು ಹುಟ್ಟಿದೆ. ನನ್ನ ಮೈ ಉಂಗುರದಂತೆ, ಚಪ್ಪಟೆ. ಒಂದು ಅಂಚಿನಲ್ಲಿ ಸಾರಜನಕವಿದೆ; ಅದಕ್ಕೆ ತಾಮ್ರವೆಂದರೆ ಪ್ರಾಣ.

ನನ್ನನ್ನು ಹುಟ್ಟಿಸಿದವಳು ಇಂದುಮತಿ. ಐದು ವರ್ಷದಿಂದ ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿ, ಮಾತು ಕಡಿಮೆ. ತಾಮ್ರಕ್ಕೆ ಕಿಲುಬು ಹಿಡಿಯದಂತೆ ಮಾಡುವುದು ಅವಳ ಕೆಲಸ. ಉಪ್ಪುನೀರಿಗೆ ನಮ್ಮನ್ನು ಬೆರೆಸಿ, ತಾಮ್ರದ ತಗಡು ಮುಳುಗಿಸಿ, ಕಾಯಬೇಕು. ಹನ್ನೊಂದು ತಗಡುಗಳು ಆಗಲೇ ಹಸಿರಾಗಿ ಹೋಗಿದ್ದವು.

ತಪ್ಪು ನನಗಿಂತ ಮುಂಚೆ ಹೋದವರದು. ಅವರೆಲ್ಲ ಅಂಚಿನಿಂದ ತಾಮ್ರವನ್ನು ಹಿಡಿದುಕೊಂಡು ನೆಟ್ಟಗೆ ನಿಂತುಬಿಟ್ಟಿದ್ದರಂತೆ, ಸಂತೆ ದಿನದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರ ಹಾಗೆ. ನಡುವಿನ ಸಂದಿಯಲ್ಲಿ ಉಪ್ಪು ನುಸುಳಿತು. ಇಂದುಮತಿಗೆ ಇದು ಹೊಳೆಯುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು. ಹುಳಿ ಹೆಚ್ಚಿದ್ದರೆ ನಮ್ಮ ಹಿಡಿತ ಸಡಿಲ; ಹನ್ನೆರಡನೆಯ ಸಲ ಅವಳು ನೀರಿನ ಹುಳಿಯನ್ನು ಹನಿಹನಿಯಾಗಿ ತಗ್ಗಿಸಿದಳು. ಆ ನೀರಿನಲ್ಲಿ ಪಲ್ಟಿ ಹೊಡೆಯುತ್ತಾ ಬಂದು ತಾಮ್ರ ತಾಗಿದಾಗ ನನಗೆ ನಿಲ್ಲಬೇಕೆನಿಸಲಿಲ್ಲ. ಪೂರಾ ಮೈ ಚಾಚಿ ಮಲಗಿದೆ. ಪಕ್ಕದವರೂ ಮಲಗಿದರು, ಮದುವೆಮನೆಯಲ್ಲಿ ಚಾಪೆಗೆ ಚಾಪೆ ಸೇರಿಸಿದಂತೆ. ಉಪ್ಪು ಸುತ್ತ ಸುಳಿದು, ಸಂದಿ ಸಿಗದೆ ಹಿಂದೆ ಸರಿಯಿತು. ತಗಡು ಮಂಕಾಯಿತು, ಆದರೆ ಹಸಿರಾಗಲಿಲ್ಲ.

ದಸರಾ ಕಳೆದ ಸೋಮವಾರಕ್ಕೆ ಆರು ತಿಂಗಳು ತುಂಬಬೇಕು. ಅಂದು ಎಷ್ಟು ಸವೆದಿದೆಯೆಂದು ತಗಡನ್ನು ತೂಗಿ, ಕೊನೆಯ ಅಧ್ಯಾಯ ಬರೆದು, ಆ ತಿಂಗಳೊಳಗೆ ಪ್ರಬಂಧ ಒಪ್ಪಿಸದಿದ್ದರೆ ಇಂದುಮತಿಯ ನೋಂದಣಿಯೇ ರದ್ದು. ಎರಡು ಸಲ ಗಡುವು ಮುಂದೂಡಿಸಿಕೊಂಡಿದ್ದಳು. ಮೂರನೆಯದು ಇಲ್ಲ.

ಕಸ ಗುಡಿಸಲು ಬರುವ ಜವರಮ್ಮ ದಿನಾ ನಮ್ಮ ಜಾಡಿಯೊಳಗೆ ಇಣುಕುತ್ತಿದ್ದಳು. "ಆರ್ ತಿಂಗ್ಳಿಂದ ಕಾವು ಕೂತಿದ್ದೀಯಲ್ಲವ್ವ, ಇದು ಮರಿ ಮಾಡೋದು ಯಾವಾಗ?"

"ಸೋಮವಾರ, ಜವರಮ್ಮ."

"ಗಂಡೋ, ಹೆಣ್ಣೋ?"

ಇಡೀ ದಿನದಲ್ಲಿ ಇಂದುಮತಿ ನಗುತ್ತಿದ್ದುದು ಆಗ ಮಾತ್ರ.

ಆಯುಧಪೂಜೆಗೆ ಅವಳು ಊರಿಗೆ ಹೋಗಿದ್ದಳು. ಜವರಮ್ಮ ಹುಣಸೆಹಣ್ಣು ನೆನೆಸಿಕೊಂಡು ದೀಪ, ತಕ್ಕಡಿ, ತೂಕದ ಬಟ್ಟು ಎಲ್ಲವನ್ನೂ ಬೆಳಗುತ್ತಾ ಬಂದು ನಮ್ಮ ಜಾಡಿಯ ಮುಂದೆ ನಿಂತಳು. ಮುಚ್ಚಳದ ಮೇಲೆ, ಮುಟ್ಟಬಾರದೆಂದು, ಇಂಗ್ಲಿಷಿನಲ್ಲಿ ಬರೆದಿತ್ತು.

"ಅಯ್ಯೋ, ಪಾಪದ್ದು. ಎಲ್ಲಾರ ಸಾಮಾನೂ ಹೊಳೀತಾವೆ, ಈ ಮಗೀದು ಮಾತ್ರ ಮಂಕು ಬಡ್ಕೊಂಡ್ ಕೂತದೆ."

ಮುಚ್ಚಳ ತೆಗೆದು ತಗಡನ್ನು ಹೊರಗೆತ್ತಿದಳು. ಹಿಡಿ ಹುಣಸೆಹುಳಿ ನಮ್ಮ ಮೇಲೆ ಬಿತ್ತು. ಜವರಮ್ಮನ ಕೈ ಬಲವಾದದ್ದು, ಅದರಲ್ಲಿ ಪ್ರೀತಿಯೂ ಇತ್ತು. ಗಟ್ಟಿಯಾಗಿ ಹಿಡಿದುಕೊಳ್ಳಲು ನೋಡಿದೆ. ಆಗಲಿಲ್ಲ. ತೊಳೆದ ನೀರಿನೊಂದಿಗೆ ಇಳಿದು, ತೊಟ್ಟಿಯ ಬಿರುಕಿನಲ್ಲಿ ಹುಣಸೆ ಸಿಪ್ಪೆಗೆ ಸಿಕ್ಕಿಕೊಂಡೆ. ಮುಂದಿನದನ್ನೆಲ್ಲ ನೋಡಿದ್ದು ಅಲ್ಲಿಂದಲೇ.

ಸೋಮವಾರ ಇಂದುಮತಿ ಬಂದಾಗ ತಗಡು ಕಿಟಕಿಗೆ ಒರಗಿತ್ತು. ಕನ್ನಡಿಯ ಹೊಳಪು, ನಡುವೆ ಕುಂಕುಮದ ಬೊಟ್ಟು.

"ನಿನ್ ಆಯುಧಾನೂವೆ ಬಿಡ್ಲಿಲ್ಲ ಕಣವ್ವ," ಎಂದಳು ಜವರಮ್ಮ. "ಮಕ ನೋಡ್ಕೋಬೌದು."

ಇಂದುಮತಿ ತಗಡನ್ನು ಕೈಗೆತ್ತಿಕೊಂಡಳು. ಬಹಳ ಹೊತ್ತು ಕೆಳಗಿಡಲಿಲ್ಲ. "ಮುಚ್ಚಳದ ಮೇಲೆ ಬರ್ದಿದ್ದೆ..."

"ಇಂಗ್ಲೀಸು ನಂಗೆಲ್ಲಿ ಬತ್ತದೆ? ಕನ್ನಡ್ದಲ್ಲಿ ಬರ್ದಿದ್ರೆ ಓದ್ತಿದ್ದೆ." ಜವರಮ್ಮನ ಮುಖ ಇಳಿಯಿತು. "ಯಾಕವ್ವ, ಏನಾರ ಆಯ್ತಾ?"

"ಏನಿಲ್ಲ. ಚೆನ್ನಾಗಿ ಹೊಳೀತಿದೆ."

ಜವರಮ್ಮ ನಿರಾಳವಾಗಿ ಅವಳ ಬೊಗಸೆಗೆ ಪೂಜೆಯ ಕಡ್ಲೆಪುರಿ ಸುರಿದು ಹೋದಳು. ಇಂದುಮತಿ ಅಷ್ಟನ್ನೂ ತಿಂದಳು, ನಿಂತಲ್ಲೇ, ಒಂದೊಂದೇ ಕಾಳು.

ಮಧ್ಯಾಹ್ನ ಗೈಡು ಬಂದರು. "ತೂಕ ಎಷ್ಟು ಬಂತಮ್ಮ?"

"ತೂಗೋಕಾಗಲ್ಲ ಸರ್."

ಅವರ ಕಣ್ಣು ಕುಂಕುಮದ ಮೇಲೆ ಬಿತ್ತು. "ಯಾರು ಮಾಡಿದ್ದು ಇದನ್ನ? ಇವತ್ತೇ ಕೆಲಸದಿಂದ ತೆಗೆಸ್ತೀನಿ."

"ನಾನೇ ತೊಳೆದೆ ಸರ್. ಮರೆತು."

ಅವರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಇನ್ನೊಂದು ತಗಡು ಮುಳುಗಿಸೆಂದು ಹೇಳಲು ಆರು ತಿಂಗಳು ಯಾರ ಬಳಿಯೂ ಇರಲಿಲ್ಲ. ತಿಂಗಳ ಕೊನೆಗೆ ಇಂದುಮತಿ ಎರಡು ಚೀಲದಲ್ಲಿ ಪುಸ್ತಕ ತುಂಬಿಕೊಂಡು ಹೋದಳು. ಜವರಮ್ಮ ಇನ್ನೂ ಕೇಳುತ್ತಿರುತ್ತಾಳೆ, ಆ ಹುಡ್ಗಿ ರಜದಿಂದ ಬರೋದು ಯಾವಾಗ ಎಂದು.

ನಾನು ಬಿರುಕಿನಲ್ಲೇ ಇದ್ದೇನೆ. ನಲ್ಲಿ ತೊಟ್ಟಿಕ್ಕಿದಾಗೆಲ್ಲ ಮಗುಚಿ ಬೀಳುತ್ತೇನೆ. ನಿಂತಿದ್ದೇನೋ ಮಲಗಿದ್ದೇನೋ ಈಗ ನನಗೇ ಗೊತ್ತಾಗುವುದಿಲ್ಲ. ಅದು ಗೊತ್ತಾಗಲು ಹಿಡಿದುಕೊಳ್ಳಲೊಂದು ನೆಲ ಬೇಕು. ಕಿಟಕಿಯ ತಗಡನ್ನು ಯಾರೂ ತೆಗೆದಿಲ್ಲ. ಅಂದು ಇಂದುಮತಿಯ ಹೆಬ್ಬೆರಳು ಒತ್ತಿದ್ದ ಕಡೆ ಹಸಿರು ಕಾಣಿಸಿಕೊಂಡಿದೆ.