ತಮ್ಮ ಇಟ್ಟ ಹಿಂಬಾಗಿಲು

ಅಕ್ಕ ತಮ್ಮನ ನಡುವೆ ಮಾತು ನಿಂತು ವರ್ಷಗಳೇ ಆಗಿದ್ದವು. ಜಗಳಕ್ಕೆ ಆಸ್ತಿ ಕಾರಣವಲ್ಲ, ಮದುವೆ ಮನೆಯಲ್ಲಿ ಯಾರೋ ಯಾರನ್ನೋ ಮಾತಾಡಿಸಲಿಲ್ಲ ಎಂಬುದೂ ಅಲ್ಲ. ಕಾರಣ ಒಂದು ಕಂಪ್ಯೂಟರ್ ಪ್ರೋಗ್ರಾಮು. ನಗುವವರು ನಗಲಿ.

ಅಕ್ಕ ಮಾತು ಕಲಿಸುವ ಡಾಕ್ಟರು. ಲಕ್ವ ಹೊಡೆದು ಮಾತು ಬಿದ್ದುಹೋದವರು, ತೊದಲುವ ಮಕ್ಕಳು, ಗಂಟಲಿನ ಆಪರೇಷನ್ ಆದವರು ಅವಳ ಕ್ಲಿನಿಕ್ಕಿಗೆ ಬರುತ್ತಾರೆ. ಪ್ರತಿ ವಾರ ಅವರ ದನಿ ರೆಕಾರ್ಡ್ ಮಾಡಿ, ಹಿಂದಿನ ವಾರದ್ದರ ಜೊತೆಗೆ ಕೇಳಿಸಿದರೆ ಅವರಿಗೆ ಧೈರ್ಯ ಬರುತ್ತದೆ. ಆ ದನಿಗಳನ್ನು ಯಾವುದೋ ದೊಡ್ಡ ಕಂಪನಿಯ ಕೈಗೆ ಕೊಡಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ. ಮಾತಿಗಾಗಿ ಒದ್ದಾಡುವವನು ಮೈಮೇಲೆ ಬಟ್ಟೆ ಇಲ್ಲದವನಷ್ಟೇ ನಾಚುತ್ತಾನೆ, ಅದನ್ನು ಬೇರೆಯವರು ಕೇಳಬಾರದು ಎನ್ನುತ್ತಿದ್ದಳು. ಆಗ ತಮ್ಮ, "ನಾನು ಬರ್ಕೊಡ್ತೀನಿ ಬಿಡು. ನಿನ್ನ ಕ್ಲಿನಿಕ್ಕಲ್ಲೇ ಒಂದು ಕಂಪ್ಯೂಟರ್ ಡಬ್ಬ ಇಡೋಣ, ಎಲ್ಲ ಅದರಲ್ಲೇ ಇರ್ಲಿ" ಎಂದ. ಹೇಳಿದ್ದಷ್ಟೇ ಅಲ್ಲ, ಬರೆದೂ ಕೊಟ್ಟ. ಆಮೇಲೆ ಉತ್ಸಾಹ ಬಂದು, ಯಾರು ಬೇಕಾದರೂ ಓದಲಿ, ತಮ್ಮ ತಮ್ಮ ಡಬ್ಬದಲ್ಲಿ ಪುಕ್ಕಟೆ ಹಾಕಿಕೊಳ್ಳಲಿ ಎಂದು ಅದನ್ನು ಲೋಕಕ್ಕೇ ಬಿಟ್ಟುಕೊಟ್ಟ. ಎಲ್ಲೆಲ್ಲಿನ ಕ್ಲಿನಿಕ್ಕುಗಳೋ ಹಾಕಿಕೊಂಡವು.

ಜಗಳ ಆದದ್ದು ಹೀಗೆ. ಲಕ್ವ ಹೊಡೆದ ಒಬ್ಬ ಬಡಗಿ ತಿಂಗಳುಗಟ್ಟಲೆ ಒದ್ದಾಡಿ, ಒಂದು ಬೆಳಿಗ್ಗೆ ಅಕ್ಕನ ಎದುರು ಹೆಂಡತಿಯ ಹೆಸರನ್ನು ಪೂರ್ತಿ ಹೇಳಿದ. ಅದೇ ಗಳಿಗೆಯಲ್ಲಿ ತಮ್ಮ ತನ್ನ ಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಅಕ್ಕನ ಡಬ್ಬಕ್ಕೆ ಹೊಸ ಆವೃತ್ತಿ ಹಾಕಿ, ಅದನ್ನು ಆರಿಸಿ ಹೊತ್ತಿಸಿದ. ಕೇಳಲಿಲ್ಲ, ಹೇಳಲಿಲ್ಲ. ರೆಕಾರ್ಡಿಂಗ್ ಹೋಯಿತು. ಬಡಗಿಯ ಹೆಂಡತಿ ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದಳು, ಕೇಳಿಸೋಣವೆಂದರೆ ಇಲ್ಲ. ಇನ್ನೊಮ್ಮೆ ಹೇಳು ಎಂದರೆ ಅವನಿಗೆ ನಾಲಿಗೆ ಹೊರಳಲಿಲ್ಲ.

"ಚಿಕ್ಕವನಿದ್ದಾಗಿಂದ ನನ್ನ ರೂಮಿಗೆ ಬಾಗಿಲು ತಟ್ಟದೆ ನುಗ್ಗಿದೋನು ನೀನು," ಎಂದಿದ್ದಳು ಅಕ್ಕ. "ಹುಟ್ಟುಗುಣ ಸುಟ್ಟರೂ ಹೋಗಲ್ಲ. ಇನ್ನು ನನ್ನ ಕಂಪ್ಯೂಟರಿಗೂ ಬರಬೇಡ, ನನ್ನ ಹತ್ರಾನೂ ಬರಬೇಡ." ಡಬ್ಬದಲ್ಲಿದ್ದ ಅವನ ಖಾತೆ ಅಳಿಸಿದಳು, ಫೋನಿನಲ್ಲಿ ಅವನ ನಂಬರು ತಡೆದಳು. ತಪ್ಪಾಯ್ತು ಎನ್ನುವ ಬದಲು ತಮ್ಮ, "ಹೊಸ ಆವೃತ್ತಿ ಒಳ್ಳೇದೇ ಅಲ್ವಾ" ಎಂದ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಇಷ್ಟು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ತಮ್ಮನಿಗೆ ಮುಖ ಪರಿಚಯವೂ ಇಲ್ಲದ ಒಬ್ಬಳಿಂದ ಮೇಲ್ ಬಂತು. ಇತರರ ಪ್ರೋಗ್ರಾಮುಗಳನ್ನು ಓದಿ ತೂತು ಹುಡುಕುವುದೇ ಆಕೆಯ ಕೆಲಸ. 'ನಿಮ್ಮ ಪ್ರೋಗ್ರಾಮು ಹಾಕಿಕೊಂಡ ಎಲ್ಲ ಕಡೆಯೂ ಒಂದೇ ಗುಪ್ತಪದ ಕೊಟ್ಟರೆ ಬಾಗಿಲು ತೆರೆಯುತ್ತಿದೆ. ನನ್ನದೇ ಯಂತ್ರದಲ್ಲಿ ಹಾಕಿ ನೋಡಿದ್ದೇನೆ, ಬೇರೆಯವರದನ್ನು ಮುಟ್ಟಿಲ್ಲ. ಸೋಮವಾರದವರೆಗೆ ಯಾರಿಗೂ ಹೇಳುವುದಿಲ್ಲ, ಅಷ್ಟರಲ್ಲಿ ಸರಿಪಡಿಸಿ' ಎಂದು ಬರೆದಿದ್ದಳು. ಕೊನೆಗೆ ಒಂದು ಸಾಲು: 'ಕೇಳಬಹುದೇ, ಗುಂಡಮ್ಮ ಎಂದರೇನು?'

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ತಮ್ಮ ಹಾಗೆ ಮುಟ್ಟಿ ನೋಡಿಕೊಂಡ. ಗುಂಡಮ್ಮ ಎಂದರೆ ಅಕ್ಕ. ಚಿಕ್ಕವಳಿದ್ದಾಗ ಗುಂಡಗಿದ್ದಳು, ಅವನೊಬ್ಬನೇ ಹಾಗೆ ಕರೆಯುತ್ತಿದ್ದ. ಅಕ್ಕನಿಗೆ ಗುಪ್ತಪದ ಮರೆಯುವ ಚಾಳಿ. ಮರೆತಾಗಲೆಲ್ಲ ತಾನು ಒಳಗೆ ಹೋಗಿ ಸರಿಮಾಡಲು ಇರಲಿ ಎಂದು ಮೊದಲ ವಾರವೇ ಒಂದು ಹಿಂಬಾಗಿಲು ಇಟ್ಟಿದ್ದ. ಪದವನ್ನು ಕಲಸಿ, ಓದಿದರೆ ತಿಳಿಯದಂತೆ ಬರೆದಿದ್ದ ನಿಜ. ಆದರೆ ಚಿಕ್ಕ ಪದ, ಆಕೆಯ ಕಂಪ್ಯೂಟರ್ ಊಹಿಸಿ ಊಹಿಸಿ ಬಿಡಿಸಿತ್ತು. ಲೋಕಕ್ಕೆ ಪ್ರೋಗ್ರಾಮು ಹಂಚುವಾಗ ಹಿಂಬಾಗಿಲನ್ನೂ ಹಂಚಿದ್ದೇನೆ ಎಂಬುದು ಅವನ ತಲೆಗೇ ಹೊಳೆದಿರಲಿಲ್ಲ. ಯಾವ ಯಾವುದೋ ಊರಿನ ರೋಗಿಗಳ ದನಿಗಳೆಲ್ಲ ಅವನಕ್ಕನ ಅಡ್ಡಹೆಸರಿನ ಹಿಂದೆ ಕೂತಿದ್ದವು.

ತಿದ್ದುವುದು ಕಷ್ಟವಾಗಲಿಲ್ಲ. ಹೇಳುವುದು ಕಷ್ಟ. ಆದರೂ ಅವನು ಗೊತ್ತಿದ್ದ ಪ್ರತಿ ಕ್ಲಿನಿಕ್ಕಿಗೂ ಗುಟ್ಟಾಗಿ ತಿದ್ದಿದ್ದನ್ನು ಕಳಿಸಿ, ತಪ್ಪು ನನ್ನದು ಎಂದು ಬರೆದ. ಬೈಗುಳ ತಿನ್ನಲು ಸಿದ್ಧನಾಗಿ ಕೂತ. ಒಬ್ಬಿಬ್ಬರು ಬೈದರು, ಬೈಯಬೇಕಾದ್ದೇ. ಉಳಿದವರು ಹಾಕಿಕೊಂಡೆವು ಎಂದರು. ಒಂದು ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವನು, 'ಒಬ್ಬರೇ ಇಷ್ಟು ವರ್ಷ ಹೊತ್ತಿದ್ದೀರಿ, ಇನ್ನು ಬರೆದದ್ದನ್ನು ನನಗೂ ತೋರಿಸಿ, ಇಬ್ಬರು ಓದಿದರೆ ಒಬ್ಬನಿಗಾದರೂ ಕಾಣುತ್ತದೆ' ಎಂದು ಬರೆದ. ತಮ್ಮ ಆಗಲಿ ಎಂದು ಆಗಲೇ ಉತ್ತರ ಬರೆದ.

ಉಳಿದದ್ದು ಅಕ್ಕನ ಕ್ಲಿನಿಕ್ಕು. ಫೋನು ಹೋಗುವುದಿಲ್ಲ, ಮೇಲ್ ನೇರ ಕಸದ ಬುಟ್ಟಿಗೆ. ಗೊತ್ತಿಲ್ಲದ ಕ್ಲಿನಿಕ್ಕುಗಳಿಗೂ ಸಿಗಬೇಕಲ್ಲ, ಸೋಮವಾರ ತಿದ್ದಿದ್ದನ್ನು ಎಲ್ಲರೆದುರು ಇಡಲೇಬೇಕು. ಇಟ್ಟ ಮೇಲೆ ಎಲ್ಲಿ ಹೊಲಿಗೆ ಹಾಕಿದೆ ಎಂದು ನೋಡಿದವನಿಗೆ ಎಲ್ಲಿ ಹರಿದಿತ್ತು ಎಂದೂ ತಿಳಿಯುತ್ತದೆ. ತಿದ್ದಿಕೊಳ್ಳದ ಡಬ್ಬ ಅಂದಿನಿಂದ ಕಳ್ಳರಿಗೆ ಹಬ್ಬದೂಟ.

ಭಾನುವಾರ ಸಂಜೆ ಅವನು ಕಂಪ್ಯೂಟರ್ ಮುಂದೆ ಕೂತ. ಪರದೆಯ ಮೇಲೆ ಅಕ್ಕನ ಡಬ್ಬದ ಬಾಗಿಲು. ಗುಂಡಮ್ಮ ಎಂದು ಒತ್ತಿದರೆ ಒಳಗೆ, ಒಳಗಿನಿಂದಲೇ ತೂತು ಮುಚ್ಚಿ ಹೊರಗೆ. ಅಕ್ಕನಿಗೂ ತಿಳಿಯುವುದಿಲ್ಲ, ಮರ್ಯಾದೆಯೂ ಉಳಿಯುತ್ತದೆ. ಬೆರಳು ಮೊದಲ ಅಕ್ಷರದ ಮೇಲೆ ಕೂತಿತ್ತು. ಬಸ್ಸು ಓಡಿಸಿ ಸುಸ್ತಾಗಿ ಬಂದ ಹೆಂಡತಿ ಶೂ ಬಿಚ್ಚುತ್ತ ಏನು ಎಂದು ಕೇಳಿದಳು. ಹೇಳಿದ.

"ಹಿಂಬಾಗಿಲಿಂದ ಹತ್ತೋರನ್ನ ನಾನು ದಿನಾ ನೋಡ್ತೀನಿ," ಎಂದಳು ಅವಳು. "ಎಲ್ಲರ ಹತ್ರಾನೂ ಒಂದೊಂದು ಒಳ್ಳೇ ಕಾರಣ ಇರತ್ತೆ. ಟಿಕೆಟ್ ಮಾತ್ರ ಇರಲ್ಲ."

"ಅವಳ ಒಳ್ಳೇದಕ್ಕೇ ಅಲ್ವೇನೇ."

"ಆವತ್ತೂ ಒಳ್ಳೇದಕ್ಕೇ ಮಾಡಿದ್ರಲ್ಲ."

ತಮ್ಮ ಕಂಪ್ಯೂಟರ್ ಆರಿಸಿದ.

ಸೋಮವಾರ ಬೆಳಿಗ್ಗೆ ಅವನು ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ ರೋಗಿಗಳ ಜೊತೆ ಸರದಿಯಲ್ಲಿ ಕೂತ. ಪಕ್ಕದಲ್ಲಿ ಒಬ್ಬ ಮುದುಕ, ಬಲಗೈ ಮಡಿಲಲ್ಲಿ ಮಡಚಿಕೊಂಡಿತ್ತು. ಅಂಗೈಯಲ್ಲಿ ಉಳಿ ಹಿಡಿದು ಕಟ್ಟಿದ ಹಳೆಯ ಜಡ್ಡುಗಳು. ಒಳಗೆ ಹೋಗಿದ್ದ ಹೆಂಗಸು ಹೊರಬಂದು ಚೀಲ ಹುಡುಕುತ್ತಿದ್ದಾಗ ಮುದುಕ ಅವಳನ್ನು ಹೆಸರು ಹಿಡಿದು ಕರೆದ, ನಿಧಾನವಾಗಿ, ಒಂದಕ್ಷರವೂ ಬೀಳದಂತೆ. "ಬಂದೆ, ಊರಿಗೆಲ್ಲ ಕೇಳಿಸ್ಬೇಡಿ" ಎಂದು ಆಕೆ ಗದರಿದಳು. ಇವನೇ ಆ ಬಡಗಿ ಎಂದು ಹೊಳೆದು ತಮ್ಮ ನೆಲ ನೋಡಿದ. ಇಷ್ಟು ವರ್ಷ ತಾನೇ ಮುರಿದೆ ಎಂದುಕೊಂಡದ್ದನ್ನು ಅಕ್ಕ ಕೂತು ಕೂತು ಮತ್ತೆ ಕಟ್ಟಿದ್ದಳು. ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು.

ಸರದಿ ಬಂದಾಗ ಬಾಗಿಲು ಅರ್ಧ ತೆರೆದೇ ಇತ್ತು. ಆದರೂ ತಟ್ಟಿದ.

"ಬನ್ನಿ" ಎಂದವಳು ತಲೆ ಎತ್ತಿದಳು. "ನೀನಾ."

"ಒಳಗೆ ಬರ್ಲಾ?"

ಅಕ್ಕ ಕೈಲಿದ್ದ ಪೆನ್ನು ಕೆಳಗಿಟ್ಟಳು. ಕೂದಲು ಅವಳದೂ ನರೆತಿತ್ತು. "ಬಾ."

ಅವನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದ. ಹಿಂಬಾಗಿಲು ಇಟ್ಟವನು ತಾನು, ಯಾಕೆ ಇಟ್ಟೆ, ಹುಡುಕಿದವಳು ಯಾರು, ಪದ ಯಾವುದು.

"ಲೋಕದ ಕ್ಲಿನಿಕ್ಕಿಗೆಲ್ಲ ನಾನು ಗುಂಡಮ್ಮನಾ," ಎಂದಳು ಅಕ್ಕ. ತುಟಿ ಸ್ವಲ್ಪ ಸಡಿಲವಾಯಿತು, ಮತ್ತೆ ಬಿಗಿಯಿತು. "ಅಂದ್ರೆ ನಾನು ನಿನ್ನ ಖಾತೆ ಅಳಿಸಿದ ಮೇಲೂ ನಿನ್ನ ಹತ್ರ ಕೀಲಿ ಇತ್ತು."

"ಇತ್ತು."

"ಬಂದಿದ್ಯಾ?"

"ಇಲ್ಲ. ನಿನ್ನೆ ಬಾಗಿಲ ತನಕ ಬಂದೆ."

"ಬಂದು ಮುಚ್ಚಿ ಹೋಗಿದ್ರೆ ನನಗೆ ಗೊತ್ತೂ ಆಗ್ತಿರಲಿಲ್ಲ."

"ಅದಕ್ಕೇ ಬರ್ಲಿಲ್ಲ," ಎಂದ ತಮ್ಮ. ಆಮೇಲೆ ಅಂದು ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿದ. "ಆವತ್ತು ತಪ್ಪಾಯ್ತು ಅಕ್ಕ. ಒಂದು ಮಾತು ಕೇಳ್ಬೇಕಿತ್ತು."

ಅಕ್ಕ ಎದ್ದು ತನ್ನ ಕುರ್ಚಿ ಅವನ ಕಡೆ ತಳ್ಳಿದಳು. ಯಾರು ಯಾವಾಗ ಒಳಬಂದರು ಎಂದು ಡಬ್ಬ ಗುರುತು ಇಟ್ಟುಕೊಂಡಿರುತ್ತದೆ. ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಅದನ್ನು ಮೇಲಿನಿಂದ ಕೆಳಗೆ ನೋಡಿದರು. ಅಕ್ಕ ಮತ್ತು ಅವಳ ಸಹಾಯಕಿ ಬಿಟ್ಟರೆ ಯಾರೂ ಬಂದಿರಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಗಾದೆ ಈ ಸಲ ಸುಳ್ಳಾಯಿತು. ಇಬ್ಬರೂ ಉಸಿರು ಬಿಟ್ಟರು.

ತಮ್ಮ ತಿದ್ದಿದ್ದನ್ನು ಹಾಕಿದ. ಕೊನೆಯ ಗುಂಡಿ ಒತ್ತುವ ಮೊದಲು ಕೈ ನಿಲ್ಲಿಸಿದ. "ಡಬ್ಬ ಒಂದ್ಸಲ ಆರಿಸ್ಬೇಕು. ಆಚೆ ರೂಮಲ್ಲಿ ರೆಕಾರ್ಡಿಂಗ್ ಏನಾದ್ರೂ ನಡೀತಿದೆಯಾ?"

"ಒಂದು ಹುಡುಗಿ ಓದ್ತಿದಾಳೆ," ಎಂದಳು ಅಕ್ಕ. "ಮುಗೀಲಿ."

ಗೋಡೆಯಾಚೆ ಒಂದು ಮಗು ತೊದಲುತ್ತ ಯಾವುದೋ ನರಿಯ ಕಥೆ ಓದುತ್ತಿತ್ತು. ಒಂದು ಪದದಲ್ಲಿ ಸಿಕ್ಕಿಕೊಂಡು, ಬಿಡಿಸಿಕೊಂಡು, ಮುಂದೆ ಹೋಗುತ್ತಿತ್ತು. ಇಬ್ಬರೂ ಕಾದರು. ಕಥೆ ಮುಗಿಯಿತು. ಅಕ್ಕ ತಲೆ ಆಡಿಸಿದಳು, ಅವನು ಒತ್ತಿದ. ಹಿಂಬಾಗಿಲು ಇನ್ನಿಲ್ಲವಾಯಿತು.

ಅವನು ಚೀಲ ಹೆಗಲಿಗೇರಿಸಿದ. "ಬರ್ತೀನಿ."

"ಕೂತ್ಕೋ," ಎಂದಳು ಅಕ್ಕ. ಬಗ್ಗಿ ಕೀಲಿಮಣೆ ಎಳೆದುಕೊಂಡು ಏನೋ ತೆರೆದಳು, ತಮ್ಮನ ಹೆಸರಲ್ಲಿ ಒಂದು ಹೊಸ ಖಾತೆ. ಗುಪ್ತಪದದ ಜಾಗ ಖಾಲಿ ಇತ್ತು. "ಒಂದು ಪದ ಹಾಕ್ಕೋ. ನನ್ನ ಹೆಸರು ಬೇಡ, ಲೋಕಕ್ಕೆಲ್ಲ ಗೊತ್ತಾಗಿದೆ."

ಅವನಿಗೆ ಬೆರಳು ಆಡಲಿಲ್ಲ, ಕಣ್ಣು ಮಂಜಾಗಿತ್ತು. ಅಕ್ಕ ಅದನ್ನು ನೋಡಿದಳು. ಗುಪ್ತಪದ ಒತ್ತುವವರ ಮುಂದೆ ಮರ್ಯಾದಸ್ಥರು ಏನು ಮಾಡುತ್ತಾರೋ ಅದನ್ನೇ ಮಾಡಿದಳು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಅವನು ಮುಗಿಸುವ ತನಕ ಹಾಗೇ ನಿಂತಳು.